ಪಹಣಿಯಲ್ಲಿ ಹೆಸರಿಲ್ಲದ ಗಿಡ

ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ಬಟ್ಟೆಬರೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಬ್ಯಾಗಿನಲ್ಲಿ ತುಂಬಿಕೊಂಡು ಬಂದಿದ್ದಳು. ಐದನೆಯ ತರಗತಿಯ ಹುಡುಗಿ. ಶಾಲೆಯಲ್ಲಿ ರಜೆಯ ಕೆಲಸ ಕೊಟ್ಟಿದ್ದರಂತೆ: ‘ನಿಮ್ಮ ಅಜ್ಜನ ಊರಿನ ಒಂದು ಮರ ಮತ್ತು ಅದರಿಂದ ಬರುವ ತಿನಿಸು.’

“ಮುತ್ಯಾ, ಕಾಶ್ಮೀರ ಅಂದ್ರೆ ಅಕ್ರೋಟು. ನಾಗಪುರ ಅಂದ್ರೆ ಕಿತ್ತಳೆ. ಬೀದರ್ ಅಂದ್ರೆ ಯಾವ ಮರ?”

ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. ಮರಕ್ಕೂ ಗಿಡ ಎಂದೇ ಅನ್ನುತ್ತೇವೆ. ನಾನು ತೊಗರಿ, ಉದ್ದು, ಹೆಸರು, ಜೋಳ, ಕಬ್ಬು ಎಂದು ಬೆರಳು ಮಡಚತೊಡಗಿದೆ. “ಅವೆಲ್ಲ ಬೆಳೆ ಮುತ್ಯಾ, ಮರ ಅಲ್ಲ” ಎಂದು ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ನಲವತ್ತು ವರ್ಷ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿ, ಈ ಜಿಲ್ಲೆಯ ಬೆಳೆ ಸಾಲದ ಅಂಕಿಗಳನ್ನು ಕಣ್ಣುಮುಚ್ಚಿ ಹೇಳುತ್ತಿದ್ದ ನನಗೆ ಒಂದು ಮರದ ಹೆಸರು ತಟ್ಟನೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಓಣಿಯಲ್ಲಿ ಕೂಗು ಕೇಳಿಸಿತು. “ಸೀತಾಫಲ್... ಸೀತಾಫಲೇ...” ತಲೆಯ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಗಳು. ಪ್ರತಿ ವರ್ಷ ದಸರೆಯಿಂದ ದೀಪಾವಳಿಯವರೆಗೆ ಕೇಳುವ ಕೂಗು ಅದು. ಎಷ್ಟೋ ವರ್ಷಗಳಿಂದ ಕೇಳುತ್ತಿದ್ದುದರಿಂದಲೇ ಅದು ನನ್ನ ಕಿವಿಗೆ ಬೀಳುವುದನ್ನು ಬಿಟ್ಟುಬಿಟ್ಟಿತ್ತು.

“ಬರಕೋ, ನಮ್ಮ ಗಿಡ ಸೀತಾಫಲ” ಎಂದೆ. ಬರೀ ಹೇಳಿದರೆ ಸಾಲದು, ತೋರಿಸಬೇಕು ಎಂದಳು. ಹೀಗೆ ಅಜ್ಜ–ಮೊಮ್ಮಗಳು ಮೂರು ದಿನ ಬೀದರ್, ಭಾಲ್ಕಿ, ಔರಾದ್ ಸುತ್ತಿದೆವು.

ಗವಾನರು ತಿನ್ನದ ಹಣ್ಣು

ಬೀದರ್ ನಗರ ಕುಳಿತಿರುವುದು ಕೆಂಪು ಕಲ್ಲಿನ ಎತ್ತರದ ಹಾಸಿನ ಮೇಲೆ. ಕರಾವಳಿಯವರು ಜಂಬಿಟ್ಟಿಗೆ ಎನ್ನುವ ಕಲ್ಲೇ ಇದು. ಇದನ್ನೇ ಕೊರೆದು ಬಹಮನಿ ಸುಲ್ತಾನರು ಕೋಟೆಗೆ ಕಂದಕ ತೋಡಿದರು. ಕೆಲವು ಕಡೆ ಒಂದರ ಹಿಂದೊಂದು ಮೂರು ಸಾಲು ಕಂದಕ. ನೌಬಾದಿನ ಹತ್ತಿರ ನೆಲದಡಿ ಸುರಂಗ ಕೊರೆದು ನೀರು ಹರಿಸಿದ ಕರೇಜ್ ಕೂಡ ಈ ಕಲ್ಲಿನಲ್ಲೇ ಇದೆ. ಮೇಲೆ ಬಿದ್ದ ಮಳೆ ಈ ಕಲ್ಲಿನ ರಂಧ್ರಗಳಲ್ಲಿ ಇಳಿದುಹೋಗುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಮಣ್ಣು ತೆಳು, ನೀರು ಕಡಿಮೆ. ಅಂಥ ಜಾಗದಲ್ಲಿ ನೆಟ್ಟವರಿಲ್ಲದೆ, ನೀರುಣಿಸಿದವರಿಲ್ಲದೆ ಬೆಳೆದು ನಿಲ್ಲುವ ಗಿಡ ಸೀತಾಫಲ.

ಕೋಟೆಯ ಹೊರಗಿನ ಇಳಿಜಾರು, ಬಹಮನಿ ಅರಸರ ಗೋರಿಗಳಿರುವ ಅಷ್ಟೂರಿನ ದಾರಿ, ನರಸಿಂಹ ಝರಣಿಯ ಸುತ್ತಲ ದಿಬ್ಬ, ಎಲ್ಲ ಕಡೆ ಮೊಮ್ಮಗಳಿಗೆ ತೋರಿಸಿದೆ. ಅವಳು ಮಾವಿನ ಮರದಷ್ಟು ದೊಡ್ಡದನ್ನು ಹುಡುಕುತ್ತಿದ್ದಳು. ಸೀತಾಫಲ ನನ್ನ ಎತ್ತರದ ಎರಡರಷ್ಟು ಬೆಳೆದರೆ ಹೆಚ್ಚು. “ಇಷ್ಟು ಗಿಡ್ಡ ಮರಾನಾ?” ಎಂದಳು. ಅದಕ್ಕೇ ನಾವು ಗಿಡ ಅನ್ನುವುದು ಎಂದು ನನ್ನ ಭಾಷೆಯನ್ನು ಸಮರ್ಥಿಸಿಕೊಂಡೆ.

ಮಹಮೂದ್ ಗವಾನರ ಮದರಸಾದ ಮುಂದೆ ನಿಂತಾಗ ಅವಳು ಕೇಳಿದಳು: “ಗವಾನರು ಸೀತಾಫಲ ತಿಂದಿದ್ದರಾ?” ಒಳ್ಳೆಯ ಪ್ರಶ್ನೆ. ಮದರಸಾ ಕಟ್ಟಿದ್ದು 1472ರಲ್ಲಿ. ಗವಾನರು ಕೊಲೆಯಾದದ್ದು 1481ರಲ್ಲಿ. ಸೀತಾಫಲದ ಮೂಲ ಸ್ಥಳ ಅಮೆರಿಕ ಖಂಡದ ಉಷ್ಣ ಪ್ರದೇಶ, ವೆಸ್ಟ್ ಇಂಡೀಸ್ ಸುತ್ತಮುತ್ತ. ಕೊಲಂಬಸ್ ಅತ್ತ ಹೋದದ್ದೇ 1492ರಲ್ಲಿ. ಆಮೇಲೆ ಪೋರ್ಚುಗೀಸರ ಹಡಗುಗಳಲ್ಲಿ ಮೆಣಸಿನಕಾಯಿ, ಪೇರಲ, ಗೋಡಂಬಿಯ ಹಾಗೆ ಇದೂ ಬಂತು ಎಂಬುದು ಹೆಚ್ಚಿನ ಸಸ್ಯಶಾಸ್ತ್ರಜ್ಞರ ಮಾತು. ಆ ಲೆಕ್ಕದಲ್ಲಿ ಗವಾನರಿಗೆ ಈ ಹಣ್ಣು ಸಿಕ್ಕಿರಲಿಕ್ಕಿಲ್ಲ. ಆದರೆ ಭಾರ್ಹುತ್ ಸ್ತೂಪವನ್ನು ಬೆಳಕಿಗೆ ತಂದ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್, ಅಲ್ಲಿನ ಎರಡು ಸಾವಿರ ವರ್ಷ ಹಳೆಯ ಕೆತ್ತನೆಯಲ್ಲಿ ಸೀತಾಫಲ ಇದೆ ಎಂದು ವಾದಿಸಿದ್ದರು. ಅದು ಬೇರೆ ಕಾಯಿ ಇರಬಹುದೆಂದು ಉಳಿದವರು ಅಂದರು. ವಾದ ಇಂದಿಗೂ ಮುಗಿದಿಲ್ಲ.

ಬಂದದ್ದು ಎಲ್ಲಿಂದಲೇ ಇರಲಿ, ನಮ್ಮ ಜನ ಅದಕ್ಕೆ ಸೀತೆಯ ಹೆಸರಿಟ್ಟು ಮನೆಮಗಳು ಮಾಡಿಕೊಂಡರು. ಅದರ ಬಂಧುಗಳಿಗೆ ರಾಮಫಲ, ಲಕ್ಷ್ಮಣಫಲ ಎಂದು ಹೆಸರಿಟ್ಟು ಕುಟುಂಬ ಪೂರ್ತಿ ಮಾಡಿದರು. ಬೀದರಿನಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಎಲ್ಲ ಮಾತಾಡುವವರಿದ್ದಾರೆ. ಎಲ್ಲರ ಬಾಯಲ್ಲೂ ಇದು ಸೀತಾಫಲವೇ. ಆದರೆ ಮಕ್ಕಳೇ, ದಿಲ್ಲಿಗೆ ಹೋದಾಗ ಎಚ್ಚರ! ಅಲ್ಲಿ ಸೀತಾಫಲ ಕೊಡಿ ಎಂದರೆ ಕುಂಬಳಕಾಯಿ ತೂಗಿ ಕೊಡುತ್ತಾರೆ. ನಮ್ಮ ಹಣ್ಣನ್ನು ಅಲ್ಲಿ ಶರೀಫಾ ಎಂದು ಕೇಳಬೇಕು.

ಆಡು ಮುಟ್ಟದ ಸೊಪ್ಪು

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಗಾದೆ ಕಟ್ಟಿದವರು ಸೀತಾಫಲದ ಗಿಡ ನೋಡಿರಲಿಲ್ಲ ಅಂತ ಕಾಣುತ್ತದೆ. ಅಷ್ಟೂರಿನ ದಾರಿಯಲ್ಲಿ ಆಡು ಕಾಯುತ್ತಿದ್ದ ಹುಡುಗನೊಬ್ಬ ನಮ್ಮ ಮುಂದೆಯೇ ಒಂದು ರೆಂಬೆ ಮುರಿದು ಆಡಿನ ಮೂತಿಗೆ ಹಿಡಿದ. ಅದು ಮೂಸಿ ನೋಡಿ, ಮುಖ ತಿರುಗಿಸಿ, ಪಕ್ಕದ ಮುಳ್ಳುಕಂಟಿಗೆ ಬಾಯಿ ಹಾಕಿತು. ಮೊಮ್ಮಗಳು ಎಲೆಯನ್ನು ಹೊಸಕಿ ಮೂಸಿ ತಾನೂ ಮುಖ ತಿರುಗಿಸಿದಳು. ಆ ಘಾಟು ವಾಸನೆ ಮತ್ತು ಕಹಿಯೇ ಈ ಗಿಡದ ಬೇಲಿ. ದನ, ಕುರಿ, ಆಡು ಮೇಯುವ ಬೋಳು ಗುಡ್ಡದಲ್ಲಿ ಬೇರೆ ಸಸಿಗಳು ಚಿಗುರಿನಲ್ಲೇ ಮುಗಿದುಹೋಗುತ್ತವೆ, ಸೀತಾಫಲ ಮಾತ್ರ ಉಳಿಯುತ್ತದೆ. ರೈತರು ಹುಳು ಓಡಿಸಲು ಹತ್ತು ಬಗೆಯ ಎಲೆ ಕೊಳೆಸಿ ಮಾಡುವ ದಶಪರ್ಣಿ ಕಷಾಯದಲ್ಲಿ ಬೇವಿನ ಜೊತೆ ಸೀತಾಫಲದ ಎಲೆಗೂ ಜಾಗವಿರುವುದು ಇದೇ ಗುಣಕ್ಕೆ.

ಬೇಸಿಗೆಗೆ ಮುಂಚೆ ಗಿಡ ಎಲೆ ಉದುರಿಸಿ ಬರಲಾಗಿ ನಿಲ್ಲುತ್ತದೆ. ಸತ್ತಿತೇನೋ ಅನಿಸಬೇಕು, ಹಾಗೆ. ಇದರಲ್ಲೊಂದು ಸೊಗಸಿದೆ. ಸೀತಾಫಲದ ಹೊಸ ಮೊಗ್ಗು ಹಳೆಯ ಎಲೆಯ ತೊಟ್ಟಿನ ಬುಡದೊಳಗೆ ಅಡಗಿರುತ್ತದೆ. ಎಲೆ ಉದುರಿದ ಮೇಲೆಯೇ ಅದಕ್ಕೆ ಹೊರಬರುವ ದಾರಿ. ಬಿಸಿಲು ಏರುವಾಗ ಹೂ ಶುರುವಾಗಿ ಮಳೆಗಾಲದ ಮೊದಲವರೆಗೂ ಬಿಡುತ್ತದೆ. ಮೂರು ದಪ್ಪ ಎಸಳಿನ ಹಸಿರು ಹೂವು. ಎಲೆಯ ಮರೆಯಲ್ಲಿ ತಲೆ ತಗ್ಗಿಸಿರುವುದರಿಂದ ನೋಡಿದವರು ಕಡಿಮೆ. ಆ ಹೂವು ಮೊದಲು ಹೆಣ್ಣಾಗಿರುತ್ತದೆ, ಆಮೇಲೆ ಗಂಡಾಗಿ ಪರಾಗ ಉದುರಿಸುತ್ತದೆ. ಹಾಗಾಗಿ ತನ್ನ ಪರಾಗ ತನಗೇ ಸಿಗುವುದು ಅಪರೂಪ. ಒಂದು ಹೂವಿನಿಂದ ಇನ್ನೊಂದಕ್ಕೆ ಅದನ್ನು ಒಯ್ಯುವುದು ಸಾಸಿವೆಯಷ್ಟು ಚಿಕ್ಕ ದುಂಬಿಗಳು. ಬಿಟ್ಟ ಹೂವಿನಲ್ಲಿ ಬಹುಪಾಲು ಕಾಯಿ ಕಟ್ಟದೆ ಉದುರುವುದು ಈ ಕಾರಣಕ್ಕೆ. ದೊಡ್ಡ ತೋಟದವರು ಈಗ ಕುಂಚ ಹಿಡಿದು ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ.

ಹೂವಾದ ಸುಮಾರು ನಾಲ್ಕು ತಿಂಗಳಿಗೆ ಕಾಯಿ ಬಲಿಯುತ್ತದೆ. ಮೈಮೇಲಿನ ಒಂದೊಂದು ಗುಬ್ಬಿಯೂ ಹೂವಿನೊಳಗಿನ ಒಂದೊಂದು ಅಂಡಕೋಶದಿಂದ ಬೆಳೆದದ್ದು. ಅಂದರೆ ಸೀತಾಫಲ ಒಂದು ಹಣ್ಣಲ್ಲ, ಹತ್ತಾರು ಪುಟ್ಟ ಹಣ್ಣುಗಳ ಕೂಡು ಕುಟುಂಬ. ಆ ಗುಬ್ಬಿಗಳಿಗೆ ನಮ್ಮಲ್ಲಿ ಕಣ್ಣು ಎನ್ನುತ್ತಾರೆ. ಕಣ್ಣುಗಳ ನಡುವಿನ ಸಂದು ಅಗಲವಾಗಿ ಬೆಣ್ಣೆಯ ಬಣ್ಣಕ್ಕೆ ತಿರುಗಿದರೆ ‘ಕಣ್ಣು ಬಿಟ್ಟಿದೆ’ ಎಂದರ್ಥ. ಆಗ ಕೀಳಬೇಕು. ಕಣ್ಣು ಬಿಡದ ಕಾಯಿ ಕಿತ್ತರೆ ಅದು ಹಣ್ಣಾಗದೆ ಕಲ್ಲಾಗಿ ಕಪ್ಪಾಗುತ್ತದೆ.

ಭಾಲ್ಕಿಯ ಕೌಂಟರಿನ ಮೇಲೆ ಎರಡು ಹಣ್ಣು

ಎರಡನೆಯ ದಿನ ರೈಲಿನಲ್ಲಿ ಹಲಬರ್ಗಾ ದಾಟಿ ಭಾಲ್ಕಿಗೆ ಇಳಿದೆವು. ಭಾಲ್ಕಿ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದಾಗ ಅವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಮಠದ ಮುಂದೆ ಇದನ್ನು ಹೇಳಿದಾಗ ಮೊಮ್ಮಗಳು, “ಹೊರಗೆ ಒಂದು, ಒಳಗೆ ಒಂದು. ಸೀತಾಫಲದ ಹಾಗೆ!” ಎಂದಳು. ಹೊರಗೆ ಒರಟು, ಒಳಗೆ ಸಿಹಿ. ನನಗೆ ಹೊಳೆಯದ ಹೋಲಿಕೆ.

ಭಾಲ್ಕಿಯಲ್ಲಿ ನನಗೆ ಇನ್ನೊಂದು ಕೆಲಸವಿತ್ತು. ಅದನ್ನು ಅವಳಿಗೆ ಹೇಳುವುದೋ ಬೇಡವೋ ಎಂದು ಹಿಂದಿನ ರಾತ್ರಿಯೆಲ್ಲ ಯೋಚಿಸಿದ್ದೆ.

1983ರ ಇಂಥದೇ ಹಂಗಾಮು. ಆಗ ನಾನು ಈ ತಾಲ್ಲೂಕಿನ ಒಂದು ಶಾಖೆಯಲ್ಲಿ ಸಾಲದ ಅರ್ಜಿ ನೋಡುವ ಮೇಜಿನಲ್ಲಿದ್ದೆ. ಒಂದು ಮಧ್ಯಾಹ್ನ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಂದು ನಿಂತಳು. ಅವಳಿಗೆ ಬೇಕಿದ್ದದ್ದು 300 ರೂಪಾಯಿ. ಊರ ಹತ್ತಿರದ ಗುಡ್ಡದ ಸೀತಾಫಲವನ್ನು ಹಂಗಾಮಿಗೆ ಹರಾಜು ಹಿಡಿಯುವ ಗುತ್ತಿಗೆದಾರನ ಹತ್ತಿರ ಅವಳು ದಿನಗೂಲಿಗೆ ಹಣ್ಣು ಕೀಳುತ್ತಿದ್ದಳು. ಈ ಸಲ ಗುಡ್ಡದ ಒಂದು ಪಾಲನ್ನು ತಾನೇ ಹಿಡಿದು, ನಾಲ್ಕು ಜನ ಹೆಂಗಸರು ಸೇರಿ ಕಿತ್ತು ಮಾರಬೇಕೆಂದು ಅವಳ ಆಸೆ.

ನಾನು ಕೇಳಿದೆ: “ಪಹಣಿ ತಂದೀರೇನು?”

“ಗುಡ್ಡದ ಗಿಡಕ್ಕ ಎಲ್ಲಿ ಪಹಣಿ ಸಾಹೇಬ್ರೆ? ಅದು ಯಾರ ಹೆಸರಿಗೂ ಇಲ್ಲ.”

“ಜಾಮೀನು ಯಾರು ನಿಲ್ತಾರ?”

ಅವಳು ಸುಮ್ಮನೆ ನಿಂತಳು. ನಾನು ಅರ್ಜಿಯನ್ನು ಮಡಚಿ ವಾಪಸು ಕೊಟ್ಟೆ. ಹೋಗುವಾಗ ಸೆರಗಿನ ಗಂಟಿನಿಂದ ಎರಡು ಹಣ್ಣು ತೆಗೆದು ಕೌಂಟರಿನ ಮೇಲಿಟ್ಟಳು. “ಹಣ್ಣಾಗ್ಯಾವ್ರಿ, ಇವತ್ತೇ ತಿನ್ರಿ” ಎಂದಳು. ಸಾಲಕ್ಕಾಗಿ ಕೊಟ್ಟ ಹಣ್ಣಲ್ಲ ಅದು. ಸಾಲ ಇಲ್ಲ ಅಂದ ಮೇಲೆ ಕೊಟ್ಟದ್ದು. ನಾನು ಅಂದು ಸಂಜೆ ಎರಡನ್ನೂ ತಿಂದೆ.

ಇಷ್ಟಾದರೆ ನಿಯಮ ಹಾಗಿತ್ತು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನಿಯಮ ಹಾಗಿರಲಿಲ್ಲ. ತೀರ ಬಡವರಿಗೆಂದೇ ಶೇಕಡಾ 4ರ ಬಡ್ಡಿಯ ಸಾಲ ಯೋಜನೆ 1972ರಲ್ಲೇ ಬಂದಿತ್ತು. ಅದಕ್ಕೆ ಜಮೀನಿನ ಅಡಮಾನವಾಗಲಿ ಜಾಮೀನಾಗಲಿ ಬೇಕಿರಲಿಲ್ಲ. ಆ ಸುತ್ತೋಲೆ ನನ್ನ ಮೇಜಿನ ಖಾನೆಯಲ್ಲೇ ಇತ್ತು. ನಾನು ಅದನ್ನು ತೆಗೆದು ಮ್ಯಾನೇಜರರ ಮುಂದಿಟ್ಟಿದ್ದರೆ ಕೆಲಸ ಆಗುತ್ತಿತ್ತೋ ಇಲ್ಲವೋ, ಇಡಲಿಲ್ಲ ಎಂಬುದು ಮಾತ್ರ ಖರೆ. ಮಧ್ಯಾಹ್ನ ಎರಡು ಗಂಟೆಯಾಗಿತ್ತು, ಹಸಿವಾಗಿತ್ತು, 300 ರೂಪಾಯಿಗೆ ಅಷ್ಟು ಕಾಗದ ಬರೆಯುವವರು ಯಾರು ಅನಿಸಿತ್ತು. ಮಂಜೂರಾದ ಸಾಲಕ್ಕೆ ನಮ್ಮಲ್ಲಿ ಖಾತೆ ಪುಸ್ತಕವಿತ್ತು. ಕೌಂಟರಿನಲ್ಲೇ ವಾಪಸು ಕಳಿಸಿದವರಿಗೆ ಯಾವ ಪುಸ್ತಕವೂ ಇರಲಿಲ್ಲ. ಅವಳು ಕೇಳಿದ ಮೊತ್ತ ನನಗೆ ನೆನಪಿದೆ. ಹೆಸರು ನೆನಪಿಲ್ಲ.

ಇದನ್ನು ಭಾಲ್ಕಿ ಬಸ್ ನಿಲ್ದಾಣದ ಹತ್ತಿರ, ಬುಟ್ಟಿ ಇಟ್ಟುಕೊಂಡು ಸಾಲಾಗಿ ಕುಳಿತ ಹೆಂಗಸರ ಮುಂದೆ ನಿಂತು ಮೊಮ್ಮಗಳಿಗೆ ಹೇಳಿದೆ. ಅವಳು ತುಸು ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಮುತ್ಯಾ, ಕಾಶ್ಮೀರದಲ್ಲಿ ಅಕ್ರೋಟು ಮರ ಕಡಿಯೋಕೆ ಸರ್ಕಾರದ ಅನುಮತಿ ಬೇಕು ಅಂತ ನೀನೇ ಹೇಳಿದ್ದೆ ಅಲ್ವಾ? ಇದಕ್ಕೆ ಯಾಕಿಲ್ಲ?” ಎಂದಳು. ಹೌದು. ಅಲ್ಲಿ 1969ರ ಕಾಯ್ದೆ ಅಕ್ರೋಟು, ಚಿನಾರ್, ಹಿಪ್ಪುನೇರಳೆ ಮರಗಳಿಗೆ ರಕ್ಷಣೆ ಕೊಟ್ಟಿದೆ. ಅಕ್ರೋಟು ಅಜ್ಜ ನೆಟ್ಟು ಮೊಮ್ಮಗ ತಿನ್ನುವ ಮರ. ಅದಕ್ಕೆ ಒಡೆಯರಿದ್ದಾರೆ, ಕಾಗದಪತ್ರ ಇದೆ. ಸೀತಾಫಲ ತಾನಾಗಿ ಹುಟ್ಟಿದ್ದು. ಪುಕ್ಕಟೆ ಬಂದದ್ದರ ಲೆಕ್ಕ ಯಾರೂ ಇಡುವುದಿಲ್ಲ.

ಸಾಲಿನ ಕೊನೆಯಲ್ಲಿ ಕುಳಿತ ಅಕ್ಕ ತನ್ನ ದಿನಚರಿ ಹೇಳಿದಳು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗುಡ್ಡಕ್ಕೆ ಹೋಗಬೇಕು. ಕಣ್ಣು ಬಿಟ್ಟ ಕಾಯಿಯನ್ನು ಬೆಳಕು ಹರಿಯುವಾಗ ಗುರುತಿಸಿ ತೊಟ್ಟು ಸಮೇತ ಕೀಳಬೇಕು. ಕಂಟಿಯಲ್ಲಿ ಹಾವು ಇರುತ್ತವೆ, ಕೋಲು ಆಡಿಸುತ್ತ ಹೋಗಬೇಕು. ಮನೆಗೆ ತಂದು ಹುಲ್ಲಿನಲ್ಲಿ ಮುಚ್ಚಿಟ್ಟರೆ ಎರಡು ಮೂರು ದಿನಕ್ಕೆ ಹಣ್ಣು. ಆಮೇಲೆ ಒಂದು ದಿನದ ಆಟ.

“ಫ್ರಿಜ್ಜಿನಲ್ಲಿ ಇಟ್ಟರೆ?” ಮೊಮ್ಮಗಳ ಪ್ರಶ್ನೆ.

“ಕರ್ರಗಾಗ್ತದವ್ವಾ. ಇಂದಿನ ಹಣ್ಣ ಇಂದೇ ಮಾರಬೇಕು. ನಾಳಿಗಿ ಅದು ನೊಣದ್ದು.”

ಅವಳು ಹೇಳಿದ್ದು ಸರಿ. ಸೀತಾಫಲದ ಕಾಯಿಗೆ ಚಳಿ ಆಗದು. ಬಲಿತ ಕಾಯಿಯನ್ನು ಹೆಚ್ಚು ತಂಪಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗಿ, ಹಣ್ಣಾಗುವುದೇ ನಿಂತುಹೋಗುತ್ತದೆ. ಶೀತಲಗೃಹದಲ್ಲಿ ಕೂಡಿಟ್ಟು ಬೆಲೆ ಬಂದಾಗ ಮಾರುವ ಹಣ್ಣು ಇದಲ್ಲ. ಸಂಜೆ ಆದಂತೆ ಅವಳ ಬೆಲೆ ಇಳಿಯುತ್ತ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ನೋಡಿ, ಬೇಕೆಂದೇ ಸಂಜೆಯವರೆಗೆ ಕಾದಿದ್ದೇವೆ. ಅಂದು ನಾನು ಚೌಕಾಸಿ ಮಾಡಲಿಲ್ಲ. ನಲವತ್ತು ವರ್ಷದ ಹಿಂದಿನ ಬಾಕಿ ಅದರಿಂದ ತೀರುವುದಿಲ್ಲ, ಗೊತ್ತು.

ಮಾಂಜ್ರಾ ದಾಟಿದರೆ

ಮೂರನೆಯ ದಿನ ಬೀದರಿನಿಂದ ಔರಾದಿನ ಬಸ್ಸು. ಜನವಾಡ ದಾಟಿ ಕೌಠಾದ ಸೇತುವೆಯ ಮೇಲೆ ಬಂದಾಗ ಕೆಳಗೆ ಮಾಂಜ್ರಾ ನದಿ ತುಂಬಿ ಹರಿಯುತ್ತಿತ್ತು. ಕೆಂಪು ನೆಲ ಹಿಂದೆ ಉಳಿದು ಕಪ್ಪು ನೆಲ ಕಣ್ಣಿಗೆ ಬಿತ್ತು. ಇಕ್ಕೆಲದಲ್ಲಿ ತೊಗರಿ ಹೂ ಬಿಡುವ ಹೊತ್ತು, ಸೋಯಾ ಒಕ್ಕಣೆ ಮುಗಿಯುವ ಹೊತ್ತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ ಕಡೆಯ ಸೀಮೆ ಮರಾಠಿಯವರ ಜೊತೆ ಹೋಯಿತು, ಜಹೀರಾಬಾದ್, ನಾರಾಯಣಖೇಡ ತೆಲುಗರ ಜೊತೆ ಹೋದವು, ನಾವು ಕನ್ನಡದ ಜೊತೆ ಬಂದೆವು. ಗುಡ್ಡಗಳಿಗೆ ಮಾತ್ರ ಅದು ತಿಳಿದಂತಿಲ್ಲ. ಮೂರೂ ಕಡೆ ಅದೇ ಸೀತಾಫಲ, ಅದೇ ಬುಟ್ಟಿ. ತೆಲಂಗಾಣದ ಬಾಲಾನಗರದ ಹೆಸರಿನ ತಳಿ ದೇಶಕ್ಕೆಲ್ಲ ಹಬ್ಬಿದೆ. ಮಹಾರಾಷ್ಟ್ರದ ಬೀಡ್ ಸೀತಾಫಲಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಔರಾದಿನಲ್ಲಿ ಅಮರೇಶ್ವರನಿಗೆ ಕೈಮುಗಿದು, ನನ್ನ ಹಳೆಯ ಗೆಳೆಯರೊಬ್ಬರ ಹೊಲಕ್ಕೆ ಹೋದೆವು. ನಿವೃತ್ತ ಶಿಕ್ಷಕರು. ಅವರ ಹೊಲದ ಬದುವಿನಲ್ಲಿ ಹನ್ನೊಂದು ಹಳೆಯ ಸೀತಾಫಲ ಗಿಡಗಳಿವೆ. ಆಚೆ, ಒಂದು ಎಕರೆಯಲ್ಲಿ ಮಗ ಹೊಸ ತಳಿ ಹಾಕಿದ್ದಾನೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಕಡೆಯಿಂದ ಬಂದ ‘ಗೋಲ್ಡನ್’. ಹನಿ ನೀರಾವರಿ, ಸಾಲು ಸಾಲು ಗಿಡ. ಹಣ್ಣು ಅಂಗೈ ತುಂಬ, ಕಿತ್ತ ಮೇಲೂ ಗುಡ್ಡದ ಹಣ್ಣಿಗಿಂತ ಹೆಚ್ಚು ದಿನ ತಾಳುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ‘ಅರ್ಕಾ ಸಹನ್’ ಎಂಬ ಕಡಿಮೆ ಬೀಜದ ತಳಿ ಕೊಟ್ಟಿದೆ. ಬೀದರಿನಲ್ಲೇ ತೋಟಗಾರಿಕೆ ಕಾಲೇಜೂ ಇದೆ. ಹೊಸ ಹುಡುಗರಿಗೆ ಸಲಹೆಗೆ ಕೊರತೆಯಿಲ್ಲ.

ನಾವು ಎರಡೂ ಹಣ್ಣು ತಿಂದು ಬೀಜ ಎಣಿಸಿದೆವು. ಬದುವಿನ ಹಣ್ಣಿನಲ್ಲಿ 43, ತೋಟದ ಹಣ್ಣಿನಲ್ಲಿ 18. ಯಾವುದು ರುಚಿ ಎಂದು ಕೇಳಿದರೆ ನಾನೂ ಗೆಳೆಯರೂ ಬದುವಿನದು ಎಂದೆವು. ಮಗನೂ ಮೊಮ್ಮಗಳೂ ತೋಟದ್ದು ಎಂದರು. ಮಗ ನಕ್ಕು ಹೇಳಿದ: “ಕಾಕಾ, ನೀವು ರುಚಿ ನೋಡ್ತೀರಿ, ಪ್ಯಾಟ್ಯಾಗ ತೂಕ ನೋಡ್ತಾರ.” ಅವನ ಮಾತಿನಲ್ಲಿ ತಪ್ಪಿಲ್ಲ. ಅವನು ಸಾಲ ತಂದಿದ್ದಾನೆ, ಕಂತು ಕಟ್ಟಬೇಕು. ಅವನ ಗಿಡಗಳಿಗೆ ಪಹಣಿ ಇದೆ.

ಗೆಳೆಯರ ಚಿಂತೆ ಬೇರೆ. ಹೊಲದಾಚೆಯ ದಿಬ್ಬವನ್ನು ತೋರಿಸಿದರು. ಅದು ಊರಿನ ಗಾಯರಾಣ. ಅರ್ಧ ದಿಬ್ಬ ರಸ್ತೆಗೆ ಮುರುಮು ಬೇಕೆಂದು ತೋಡಿಹೋಗಿತ್ತು. ಉಳಿದರ್ಧದ ಅಂಚಿನಲ್ಲಿ ಸೀತಾಫಲದ ಬೇರುಗಳು ಗಾಳಿಯಲ್ಲಿ ಜೋತುಬಿದ್ದಿದ್ದವು. “ಮೊದಲು ಈ ದಿಬ್ಬದ ಮ್ಯಾಲ ಹದಿನೈದು ಮನಿ ಹೆಣ್ಣುಮಕ್ಕಳು ದೀಪಾವಳಿ ಮಾಡ್ತಿದ್ರು. ಮಗನ ತ್ವಾಟದಾಗ ಅವರಿಗೆ ಕೂಲಿ ಸಿಗ್ತದ, ಹಣ್ಣು ಸಿಗಂಗಿಲ್ಲ” ಎಂದರು. ಬೀದರಿನ ಇಳಿಜಾರುಗಳಲ್ಲಿ ನಿವೇಶನದ ಕಲ್ಲು ನೆಟ್ಟಿರುವುದನ್ನು ನಾವು ಮೊದಲ ದಿನವೇ ನೋಡಿದ್ದೆವು. ಆಡಿನ ಬಾಯಿಂದ ಉಳಿದ ಗಿಡಕ್ಕೆ ಜೆಸಿಬಿಯ ಬಾಯಿಂದ ಉಳಿಯುವ ಉಪಾಯ ಗೊತ್ತಿಲ್ಲ.

ದೇವಣಿ ಹಾಲಿನ ಬಾಸುಂದಿ

ಮಧ್ಯಾಹ್ನದ ಊಟಕ್ಕೆ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ. ಕೊನೆಗೆ ಸೀತಾಫಲದ ಬಾಸುಂದಿ. ಹಾಲು ಮನೆಯ ದೇವಣಿ ಹಸುವಿನದು. ದೇವಣಿ ಈ ಸೀಮೆಯದೇ ತಳಿ. ಗಡಿಯಾಚೆಯ ಲಾತೂರ್ ಜಿಲ್ಲೆಯ ದೇವಣಿ ಎಂಬ ಊರಿನಿಂದ ಆ ಹೆಸರು. ಬಿಳಿ ಮೈಗೆ ಕಪ್ಪು ಮಚ್ಚೆ, ಜೋಲು ಕಿವಿ. ಹೋರಿಯಾದರೆ ಗಳೆಗೆ, ಹಸುವಾದರೆ ಹಾಲಿಗೆ.

ಗೆಳೆಯರ ಮನೆಯಾಕೆ ಒಂದು ಗುಟ್ಟು ಹೇಳಿಕೊಟ್ಟರು: ತಿರುಳನ್ನು ಎಂದೂ ಒಲೆಯ ಮೇಲೆ ಕಾಯಿಸಬಾರದು. ಕಾಯಿಸಿದರೆ ಕಹಿಯಾಗುತ್ತದೆ. ಸೀತಾಫಲದ ಜಾಮ್ ಅಂಗಡಿಯಲ್ಲಿ ಕಾಣದಿರುವುದಕ್ಕೂ, ಐಸ್‌ಕ್ರೀಂ ಮಾತ್ರ ಹೈದರಾಬಾದಿನಲ್ಲೆಲ್ಲ ಸಿಗುವುದಕ್ಕೂ ಇದೇ ಕಾರಣ. ಮಾಗಿದ ತಿರುಳನ್ನು ತೆಗೆದು ಹೆಪ್ಪುಗಟ್ಟಿಸಿ ಇಡಬಹುದು. ಕಾಯಿ ತಡೆಯದ ಚಳಿಯನ್ನು ತಿರುಳು ತಡೆಯುತ್ತದೆ. ಆ ಅಕ್ಕನಂಥವರು ಹತ್ತು ಜನ ಸೇರಿ ತಿರುಳು ತೆಗೆದಿಡಲು ಒಂದು ಯಂತ್ರ, ಒಂದು ದೊಡ್ಡ ಫ್ರೀಜರ್ ಇದ್ದರೆ ಸಂಜೆ ಬೆಲೆ ಇಳಿಸುವ ಹೆದರಿಕೆ ಇರುವುದಿಲ್ಲ. ಅಂಥ ಅರ್ಜಿ ಯಾವ ಕೌಂಟರಿಗೆ ಬಂದರೂ ಅಲ್ಲಿ ಕುಳಿತವರು ದಯವಿಟ್ಟು ಖಾನೆ ತೆರೆದು ಸುತ್ತೋಲೆ ಹುಡುಕಿ ಎಂದು ಬೇಡಿಕೊಳ್ಳುತ್ತೇನೆ.

ಸಂಜೆ ಗೆಳೆಯರು ನಮ್ಮ ಬಾಲ್ಯದ ತಿನಿಸೊಂದನ್ನು ನೆನಪಿಸಿದರು. ದನ ಕಾಯಲು ಹೋದಾಗ ಕಣ್ಣು ಬಿಟ್ಟ ಗಟ್ಟಿ ಕಾಯಿಗಳನ್ನು ಒಣಕಡ್ಡಿಯ ಕೆಂಡದಲ್ಲಿ ಹುಗಿದು ಸುಡುತ್ತಿದ್ದೆವು. ಸಿಪ್ಪೆ ಕಪ್ಪಾಗಿ ಬಿರಿದಾಗ ತೆಗೆದರೆ ಒಳಗೆ ಹೊಗೆ ವಾಸನೆಯ, ಗೆಣಸಿನಂಥ ತಿರುಳು. ನಾಲ್ಕು ಕಾಯಿ ಸುಟ್ಟೆವು. ಎರಡು ಕರಕಲಾದವು, ಎರಡು ಚೆನ್ನಾಗಿದ್ದವು. ಮೊಮ್ಮಗಳ ಮೂಗಿಗೆಲ್ಲ ಮಸಿ.

ಬೀದರಿಗೆ ಮರಳಿ ಅವಳು ಬರೆಯಲು ಕುಳಿತಳು. ಶಾಲೆಯವರು ಕೊಟ್ಟ ಹಾಳೆಯಲ್ಲಿ ಅಂಕಣಗಳಿದ್ದವು. ಮರದ ಹೆಸರು, ಸ್ಥಳ, ತಿನಿಸು ಎಲ್ಲ ತುಂಬಿದಳು. ‘ಯಾರು ಬೆಳೆಸುತ್ತಾರೆ?’ ಎಂಬಲ್ಲಿ ಪೆನ್ಸಿಲ್ ನಿಂತಿತು. ನನ್ನನ್ನು ಕೇಳಲಿಲ್ಲ. ಸ್ವಲ್ಪ ಯೋಚಿಸಿ ಬರೆದಳು: ‘ಯಾರೂ ಬೆಳೆಸುವುದಿಲ್ಲ. ಅಮ್ಮಂದಿರು ಬೆಳಗಿನ ಜಾವ ಎದ್ದು ಹುಡುಕಿ ತಂದು ಕೊಡುತ್ತಾರೆ.’

ಬದುವಿನ ಹಣ್ಣಿನ ಆ 43 ಬೀಜ ಈಗ ನನ್ನ ಹತ್ತಿರ ಒಂದು ಡಬ್ಬಿಯಲ್ಲಿವೆ. ಮುಂದಿನ ಮಳೆಗಾಲಕ್ಕೆ ಗೆಳೆಯರ ಊರಿನ ಗಾಯರಾಣದ ಉಳಿದ ಅರ್ಧ ದಿಬ್ಬದಲ್ಲಿ ಊರುವುದೆಂದು ಮಾತಾಗಿದೆ. ಬೀಜದ ಗಿಡ ಮೂರು ನಾಲ್ಕು ವರ್ಷಕ್ಕೆ ಫಲ ಕೊಡುತ್ತದೆ. ಎಪ್ಪತ್ತು ದಾಟಿದವನಿಗೂ ಕೈಗೆಟುಕುವ ಅವಧಿ ಅದು. ಅವುಗಳಿಗೂ ಪಹಣಿ ಇರುವುದಿಲ್ಲ. ಇರಬೇಕಾದದ್ದೂ ಇಲ್ಲ. ಯಾರು ಬುಟ್ಟಿ ಹಿಡಿದು ಬರುತ್ತಾರೋ ಹಣ್ಣು ಅವರದು.

ಸೀತಾಫಲದ ಬಾಸುಂದಿ

ಬೇಕಾಗುವುದು: ಗಟ್ಟಿ ಹಾಲು 1 ಲೀಟರ್, ಚೆನ್ನಾಗಿ ಮಾಗಿದ ಸೀತಾಫಲ 3 ಅಥವಾ 4, ಸಕ್ಕರೆ 4 ಚಮಚ, ಏಲಕ್ಕಿ ಪುಡಿ ಚಿಟಿಕೆ, ಇದ್ದರೆ ನಾಲ್ಕು ಗೋಡಂಬಿ.

ಮಾಡುವ ಬಗೆ: ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ತಿರುವುತ್ತ ಅರ್ಧಕ್ಕೆ ಇಳಿಸಿ. ಬದಿಗೆ ಕಟ್ಟಿದ ಕೆನೆಯನ್ನು ಕೆರೆದು ಹಾಲಿಗೇ ಸೇರಿಸುತ್ತಿರಿ. ಸಕ್ಕರೆ, ಏಲಕ್ಕಿ ಹಾಕಿ ಇಳಿಸಿ ಪೂರ್ತಿ ಆರಲು ಬಿಡಿ. ಹಣ್ಣಿನ ತಿರುಳನ್ನು ಅಗಲ ರಂಧ್ರದ ಜರಡಿಯಲ್ಲಿ ಕೈಯಿಂದ ಒತ್ತಿ ಬೀಜ ಬೇರ್ಪಡಿಸಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆಯಬಾರದು. ಹಾಲು ತಣ್ಣಗಾದ ಮೇಲೆ ಮಾತ್ರ ತಿರುಳು ಬೆರೆಸಿ. ಅಂದೇ ತಿಂದು ಮುಗಿಸಿ.

ಮಕ್ಕಳೇ, ನೆನಪಿಡಿ

ಸೀತಾಫಲದ ಬೀಜವನ್ನು ಕಚ್ಚಬೇಡಿ, ಪುಡಿ ಮಾಡಿ ಆಡಬೇಡಿ. ಅದರೊಳಗೆ ವಿಷವಿದೆ. ಹೇನಿಗೆಂದು ಬೀಜದ ಪುಡಿಯನ್ನು ತಲೆಗೆ ಹಚ್ಚುವ ಹಳೆಯ ರೂಢಿ ಕೆಲವು ಕಡೆ ಇದೆ. ಅದು ಕಣ್ಣಿಗೆ ತಗುಲಿದರೆ ಕಣ್ಣಿನ ಪಾಪೆಗೇ ಗಾಯವಾಗುತ್ತದೆ. ತಿಂದು ಉಗುಳಿದ ಬೀಜವನ್ನು ಒಣಗಿಸಿಟ್ಟು ಮಳೆಗಾಲದಲ್ಲಿ ಮಣ್ಣಿಗೆ ಊರಿ.